ಹುಟ್ಟುವ ಮೊದಲೇ ಉಸಿರಾಟ

ಹೋದ ವರ್ಷ ನವೆಂಬರ್ 2ರ ಸಂಜೆ. ಸಕಲ ಮೃತರ ಸ್ಮರಣೆಯ ಬಲಿಪೂಜೆ ಮುಗಿದು, ಸಮಾಧಿಗಳಿಗೆ ತೀರ್ಥ ಪ್ರೋಕ್ಷಿಸಿ, ನಾನು ಗುರುಮನೆಯ ಕಡೆ ಹೊರಟಿದ್ದೆ. ಜನರೆಲ್ಲ ತಮ್ಮ ತಮ್ಮವರ ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚಿ ನಿಂತಿದ್ದರು. ಒಬ್ಬ ತಾಯಿ ಮಾತ್ರ ಯಾವ ಸಮಾಧಿಯ ಮುಂದೆಯೂ ನಿಲ್ಲದೆ, ಬೇಲಿಯ ಪಕ್ಕದಲ್ಲಿ ಕೈಯಲ್ಲಿ ಹಚ್ಚದ ಬತ್ತಿ ಹಿಡಿದುಕೊಂಡು ನಿಂತಿದ್ದಳು. ನನ್ನನ್ನು ನೋಡಿ ಹತ್ತಿರ ಬಂದು, "ಫಾದರ್, ಉಸಿರೇ ಆಡದೆ ಹೋದ ಮಗುವಿಗೆ ಪೂಜೆ ಹೇಳಿಸಬಹುದಾ?" ಎಂದು ಕೇಳಿದಳು.

ಕೇಳಿದರೆ ನಾಲ್ಕು ವರ್ಷದ ಹಿಂದಿನ ಮಾತು. ಮೂವತ್ಮೂರನೆಯ ವಾರದಲ್ಲಿ ಮಗು ಹೊಟ್ಟೆಯೊಳಗೇ ತೀರಿಕೊಂಡಿತ್ತು. ಮನೆಯ ಹಿರಿಯರು, ದುರುದ್ದೇಶದಿಂದೇನೂ ಅಲ್ಲ, ಸೊಸೆಯ ದುಃಖ ಬೇಗ ಕಳೆಯಲಿ ಎಂದೇ, "ಅದು ಉಸಿರಾಡಿದ ಜೀವ ಅಲ್ಲಮ್ಮ. ಅದಕ್ಕೆ ಹೆಸರು, ಶಿಲುಬೆ ಅಂತೆಲ್ಲ ಇಟ್ಕೋಬಾರದು. ಮುಂದಿನದನ್ನು ನೋಡ್ಕೋ" ಎಂದಿದ್ದರು. ಗಂಡ ಒಬ್ಬನೇ ಹೋಗಿ ಹೊಲದ ಬದುವಿನಲ್ಲಿ ಮಣ್ಣುಮಾಡಿ ಬಂದಿದ್ದ. ಅವಳಿಗೆ ಆ ಜಾಗ ಯಾವುದೆಂದು ತೋರಿಸಿದ್ದು ವರ್ಷದ ಮೇಲೆ.

ಪ್ರಿಯ ಓದುಗರೇ, ಆ ಪ್ರಶ್ನೆ ನನ್ನನ್ನು ಚುಚ್ಚಿದ್ದಕ್ಕೆ ಇನ್ನೊಂದು ಕಾರಣವಿತ್ತು. ನಾನು ಹೊಸದಾಗಿ ಗುರುಪಟ್ಟ ಪಡೆದು ಸಹಾಯಕ ಗುರುವಾಗಿದ್ದಾಗ ಒಬ್ಬ ತಂದೆ ಆಸ್ಪತ್ರೆಯಿಂದ ಫೋನ್ ಮಾಡಿ ಇಂಥದೇ ಸುದ್ದಿ ಹೇಳಿದ್ದ. ನಾನು, "ಜ್ಞಾನಸ್ನಾನ ಆಗಿಲ್ಲವಲ್ಲ, ಹಾಗಾಗಿ ವಿಧಿ ಏನೂ ಇಲ್ಲ" ಎಂದು ಹೇಳಿ ಫೋನ್ ಇಟ್ಟಿದ್ದೆ. ಸೆಮಿನರಿಯಲ್ಲಿ ಮೂರು ವರ್ಷ ತತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿ ಬಂದವನು ಕೊಟ್ಟ ಉತ್ತರ ಅದು. ಅದು ಕಾನೂನಿನ ಪ್ರಕಾರವೂ ತಪ್ಪಾಗಿತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ.

ಈ ಸಲ ಅವಸರದ ಉತ್ತರ ಕೊಡಲಿಲ್ಲ. ಪೂಜೆ ಹೇಳಿಸೋಣ ಎಂದಷ್ಟೇ ಹೇಳಿ, ಆ ವಾರವೇ ಹೆರಿಗೆ ವೈದ್ಯೆಯಾಗಿರುವ ಧರ್ಮಭಗಿನಿಯೊಬ್ಬರ ಬಳಿ ಹೋಗಿ ಕುಳಿತೆ. ನಡೆದದ್ದನ್ನು ಹೇಳಿದಾಗ ಅವರು ಮೊದಲು ಕೇಳಿದ್ದೇ ಇದು: "ಉಸಿರಾಡಿರಲಿಲ್ಲ ಅಂತ ಯಾರು ಹೇಳಿದ್ದು ಫಾದರ್?"

ನೀರಿನೊಳಗಿನ ಉಸಿರು

ಗರ್ಭದೊಳಗೆ ಗಾಳಿ ಇಲ್ಲ. ಮಗುವಿಗೆ ಬೇಕಾದ ಆಮ್ಲಜನಕ ತಾಯಿಯ ರಕ್ತದಿಂದ ಮಾಸಿನ ಮೂಲಕ, ಹೊಕ್ಕುಳಬಳ್ಳಿಯಲ್ಲಿ ಹರಿದು ಬರುತ್ತದೆ. ಆದ್ದರಿಂದ ಮಗುವಿಗೆ ಅಲ್ಲಿ ಉಸಿರಾಡುವ ಅಗತ್ಯವೇ ಇಲ್ಲ. ಆದರೂ ಅದು ಉಸಿರಾಟದ ಚಲನೆ ಮಾಡುತ್ತದೆ. ಗರ್ಭಕ್ಕೆ ಹತ್ತು ಹನ್ನೊಂದು ವಾರ ಆಗುವಷ್ಟರಲ್ಲೇ ಸ್ಕ್ಯಾನಿಂಗ್ ಯಂತ್ರದಲ್ಲಿ ಇದು ಕಾಣತೊಡಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಕೆಳಗಿಳಿಯುತ್ತದೆ, ಹೊಟ್ಟೆ ಉಬ್ಬುತ್ತದೆ, ಎದೆ ತುಸು ಒಳಕ್ಕೆ ಹೋಗುತ್ತದೆ. ಮತ್ತೆ ಮೊದಲಿನಂತಾಗುತ್ತದೆ. ಒಮ್ಮೆ ಬೇಗ ಬೇಗ, ಒಮ್ಮೆ ನಿಧಾನ, ತಾಳವಿಲ್ಲದೆ. ಕೆಲ ಹೊತ್ತು ನಡೆದು ನಿಂತುಬಿಡುತ್ತದೆ.

ಇದನ್ನು ಬಹಳ ಹಿಂದೆ ಗಮನಿಸಿದವರಲ್ಲಿ ಜರ್ಮನಿಯ ವೈದ್ಯ ಆಲ್‌ಫೆಲ್ಡ್ ಒಬ್ಬರು. 1888ರಲ್ಲಿ ಅವರು ಬಸುರಿಯರ ಹೊಟ್ಟೆಯ ಮೇಲ್ಮೈಯಲ್ಲಿ ಕಾಣುವ ಸಣ್ಣ ಅಲುಗಾಟವನ್ನು ನೋಡಿ, ಇದು ಮಗುವಿನ ಉಸಿರಾಟದ ಚಲನೆ ಎಂದರು. ಆಗ ಒಪ್ಪಿದವರಿಗಿಂತ ಒಪ್ಪದವರೇ ಹೆಚ್ಚು. ಎಂಬತ್ತು ವರ್ಷ ಕಳೆದ ಮೇಲೆ, 1970ರ ದಶಕದ ಆರಂಭದಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಜೆಫ್ರಿ ಡಾಸ್ ಮತ್ತು ಅವರ ಸಂಗಡಿಗರು ಕುರಿಯ ಗರ್ಭದಲ್ಲಿರುವ ಮರಿಗಳ ಮೇಲೆ ಅಧ್ಯಯನ ಮಾಡಿ ಇದು ನಿಜವೆಂದು ತೋರಿಸಿದರು. ಮರಿ ಕಣ್ಣುಗುಡ್ಡೆ ಚಲಿಸುವಂಥ ನಿದ್ದೆಯಲ್ಲಿದ್ದಾಗ ಈ ಚಲನೆ ಹೆಚ್ಚು ಎಂಬುದೂ ತಿಳಿದುಬಂತು. ಮನುಷ್ಯರ ಮಗು ಮೂವತ್ತು ವಾರ ದಾಟಿದ ಮೇಲೆ ದಿನದ ಸುಮಾರು ಶೇಕಡ 30ರಷ್ಟು ಹೊತ್ತು ಹೀಗೆ 'ಉಸಿರಾಡುತ್ತದೆ'. ತಾಯಿ ಊಟಮಾಡಿದ ಒಂದೆರಡು ಗಂಟೆಯ ನಂತರ ಇದು ಜಾಸ್ತಿಯಾಗುತ್ತದೆ. ಹೆರಿಗೆ ಹತ್ತಿರವಾದಾಗ ಕಡಿಮೆಯಾಗುತ್ತದೆ.

ಇದು ಅಭ್ಯಾಸ ಎಂದು ಬಹಳ ಜನ ವಿವರಿಸುತ್ತಾರೆ. ಕ್ರಿಸ್ಮಸ್ ರಾತ್ರಿಗಾಗಿ ಗಾಯನವೃಂದದವರು ನವೆಂಬರಿನಲ್ಲೇ ಹಾಡಿಕೊಳ್ಳುವ ಹಾಗೆ. ಅದು ಸರಿಯೇ, ಆದರೆ ಅರ್ಧ ಸರಿ. ಇನ್ನರ್ಧ ತಿಳಿಯಬೇಕಾದರೆ ಗಂಟಲಿಗೆ ಬರಬೇಕು.

ಕೆರೆಯ ತೂಬು

ಹುಟ್ಟದ ಮಗುವಿನ ಶ್ವಾಸಕೋಶ ಗಾಳಿಯಿಲ್ಲದೆ ಮುದುಡಿಕೊಂಡ ಚೀಲದಂತೆ ಇರುತ್ತದೆ ಎಂದು ನಾನು ಭಾವಿಸಿದ್ದೆ. ನೀವೂ ಹಾಗೆಯೇ ತಿಳಿದಿರಬಹುದು. ಹಾಗಲ್ಲ. ಅದು ದ್ರವದಿಂದ ತುಂಬಿಕೊಂಡಿರುತ್ತದೆ. ಆ ದ್ರವ ಹೊರಗಿನ ಗರ್ಭಜಲವಲ್ಲ. ಶ್ವಾಸಕೋಶದ ಒಳಪದರವೇ ಅದನ್ನು ಹಗಲು ರಾತ್ರಿ ಒಸರುತ್ತಿರುತ್ತದೆ. ಶ್ವಾಸಕೋಶ ಬೆಳೆಯಬೇಕಾದರೆ ಈ ದ್ರವ ಒಳಗೆ ನಿಂತು, ಒಳಗಿನಿಂದ ಮೆಲ್ಲಗೆ ಒತ್ತುತ್ತಿರಬೇಕು. ಒತ್ತಡವಿದ್ದರೆ ಬೆಳವಣಿಗೆ, ಇಲ್ಲದಿದ್ದರೆ ಇಲ್ಲ.

ನಮ್ಮ ಕಡೆಯ ಹಳೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ನೀರು ಒಸರಿ ಬರುತ್ತಲೇ ಇರುತ್ತದೆ, ಏರಿಯಲ್ಲಿ ತೂಬು ಇರುತ್ತದೆ, ತೂಬನ್ನು ಯಾವಾಗ ಎತ್ತಬೇಕು, ಯಾವಾಗ ಮುಚ್ಚಬೇಕು ಎಂದು ಗೊತ್ತಿರುವ ನೀರುಗಂಟಿ ಇರುತ್ತಾನೆ. ಮಗುವಿನ ದೇಹದಲ್ಲಿ ತೂಬು ಎಂದರೆ ಧ್ವನಿಪೆಟ್ಟಿಗೆ. ನಾವು ಮಾತಾಡಲು, ಹಾಡಲು ಬಳಸುವ ಇದೇ ಅಂಗ, ಒಂದು ಮಾತೂ ಆಡುವ ಮುಂಚೆ ತಿಂಗಳುಗಟ್ಟಲೆ ತೂಬಿನ ಕೆಲಸ ಮಾಡಿರುತ್ತದೆ.

ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ರಿಚರ್ಡ್ ಹಾರ್ಡಿಂಗ್ ಮತ್ತಿತರರು ಇದನ್ನು ಕುರಿಮರಿಗಳಲ್ಲಿ ಬಿಡಿಸಿ ತೋರಿಸಿದ್ದಾರೆ. ಧ್ವನಿಪೆಟ್ಟಿಗೆಯಲ್ಲಿ ಧ್ವನಿತಂತುಗಳನ್ನು ಹತ್ತಿರಕ್ಕೆ ಎಳೆದು ದಾರಿಯನ್ನು ಕಿರಿದು ಮಾಡುವ ಸ್ನಾಯುಗಳು ಹಲವು. ಅವನ್ನು ದೂರ ಸರಿಸಿ ದಾರಿ ತೆರೆಯುವ ಸ್ನಾಯು ಒಂದೇ ಒಂದು ಜೊತೆ. ಮರಿ ಉಸಿರಾಟದ ಚಲನೆ ಮಾಡದೆ ಸುಮ್ಮನಿರುವಾಗ ಮುಚ್ಚುವ ಸ್ನಾಯುಗಳು ಬಿಗಿಯಾಗಿರುತ್ತವೆ. ಒಸರಿದ ದ್ರವ ಹೊರಹೋಗದೆ ಒಳಗೇ ನಿಲ್ಲುತ್ತದೆ, ಶ್ವಾಸಕೋಶ ಹಿಗ್ಗಿಕೊಂಡೇ ಇರುತ್ತದೆ. ಮರಿ ಉಸಿರಾಟದ ಚಲನೆ ಶುರುಮಾಡಿದ ಕೂಡಲೇ ಪಾತ್ರಗಳು ಬದಲಾಗುತ್ತವೆ. ವಪೆ ಇಳಿಯುವ ಹೊತ್ತಿಗೇ ತೆರೆಯುವ ಸ್ನಾಯು ಕೆಲಸಕ್ಕೆ ಬರುತ್ತದೆ, ದಾರಿ ಅಗಲವಾಗುತ್ತದೆ. ಈಗ ದ್ರವ ಸ್ವಲ್ಪ ಹೊರಗೆ ಹರಿಯುತ್ತದೆ. ಒಂದು ಪಾಲು ಗರ್ಭಜಲಕ್ಕೆ ಸೇರುತ್ತದೆ, ಒಂದು ಪಾಲನ್ನು ಮಗುವೇ ನುಂಗುತ್ತದೆ. ತೂಬು ತೆರೆದಿದೆ, ಹಾಗಾದರೆ ಕೆರೆ ಬರಿದಾಗಬೇಕಲ್ಲ? ಬರಿದಾಗುವುದಿಲ್ಲ. ಏಕೆಂದರೆ ಮತ್ತೆ ಮತ್ತೆ ಇಳಿಯುವ ವಪೆ ಶ್ವಾಸಕೋಶ ಕುಗ್ಗದಂತೆ ಎಳೆದು ಹಿಡಿದಿರುತ್ತದೆ. ಒಂದು ಕಾವಲು ಬಿಟ್ಟಾಗ ಇನ್ನೊಂದು ಕಾವಲು ನಿಲ್ಲುತ್ತದೆ.

ನನಗೆ ಬೆರಗಾದದ್ದು ಇಲ್ಲಿ. ವಪೆಗೆ ಬರುವ ನರ ಬೇರೆ, ಅದು ಕತ್ತಿನ ಭಾಗದ ಬೆನ್ನುಹುರಿಯಿಂದ ಹೊರಟು ಬರುತ್ತದೆ. ಧ್ವನಿಪೆಟ್ಟಿಗೆಗೆ ಬರುವ ನರ ಬೇರೆ, ಅದು ತಲೆಬುರುಡೆಯಿಂದ ಇಳಿದು, ಎದೆಯವರೆಗೂ ಹೋಗಿ, ಮತ್ತೆ ಮೇಲಕ್ಕೆ ತಿರುಗಿ ಗಂಟಲಿಗೆ ಬರುತ್ತದೆ. ಹಾದಿ ಎರಡು, ಆದರೆ ಕರೆ ಒಂದೇ ಕಡೆಯಿಂದ: ಮಿದುಳಿನ ಬುಡದಿಂದ. ನೀರುಗಂಟಿ ಕೂತಿರುವುದು ಅಲ್ಲಿ. ನುಂಗುವಾಗ ಉಸಿರಾಟದ ಚಲನೆಯನ್ನು ಕ್ಷಣಕಾಲ ನಿಲ್ಲಿಸಿ, ಶ್ವಾಸನಾಳದ ಬಾಯಿ ಮುಚ್ಚಿ, ಅನ್ನನಾಳದ ದಾರಿ ಬಿಡಿಸುವವನೂ ಅವನೇ. ಗರ್ಭದಲ್ಲಿರುವ ಮಗು ದಿನ ತುಂಬುವ ಹೊತ್ತಿಗೆ ದಿನಕ್ಕೆ ಅರ್ಧ ಲೀಟರಿನಷ್ಟು ಗರ್ಭಜಲ ನುಂಗುತ್ತದೆ. ಬಿಕ್ಕಳಿಸುವುದನ್ನಂತೂ ಎಷ್ಟೋ ತಾಯಂದಿರು ತಾವೇ ಅನುಭವಿಸಿ ಬಲ್ಲರು.

ಎರಡರಲ್ಲಿ ಒಂದು ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 1979ರಲ್ಲಿ ಲಂಡನ್ನಿನ ವಿಗಲ್ಸ್‌ವರ್ತ್ ಮತ್ತು ದೇಸಾಯಿ ಎಂಬ ವೈದ್ಯರು ಗರ್ಭದಲ್ಲಿರುವ ಮೊಲದ ಮರಿಗಳಲ್ಲಿ ಬೆನ್ನುಹುರಿಯನ್ನು ಕತ್ತಿನಲ್ಲಿ ಕತ್ತರಿಸಿ ವಪೆಯ ಚಲನೆ ನಿಲ್ಲಿಸಿದಾಗ ಶ್ವಾಸಕೋಶ ಬೆಳೆಯದೆ ಚಿಕ್ಕದಾಗಿಯೇ ಉಳಿಯಿತು. ಕುರಿಮರಿಗಳಲ್ಲಿ ಶ್ವಾಸನಾಳದ ದ್ರವವನ್ನು ಸತತವಾಗಿ ಹೊರಗೆ ಬಸಿದರೂ ಅದೇ ಗತಿ. ಶ್ವಾಸನಾಳವನ್ನು ಕಟ್ಟಿಬಿಟ್ಟರೆ ಶ್ವಾಸಕೋಶ ಮಿತಿಮೀರಿ ದೊಡ್ಡದಾಗುತ್ತದೆ. ತಾಯಿಗೆ ಐದಾರು ತಿಂಗಳಿಗೇ ನೀರು ಒಡೆದು ಹೋದಾಗ ವೈದ್ಯರು ಮಗುವಿನ ಶ್ವಾಸಕೋಶದ ಬಗ್ಗೆ ಚಿಂತಿಸುವುದೂ ಈ ಕಾರಣಕ್ಕೇ. ಹಾಗಾಗಿ, ನೀರು ಸೋರಿದಂತೆ ಅನಿಸಿದರೆ ನಾಳೆ ನೋಡೋಣ ಎನ್ನಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಬಸುರಿ ಮದ್ಯ ಕುಡಿದರೆ ಮಗುವಿನ ಈ ಚಲನೆ ಗಂಟೆಗಟ್ಟಲೆ ಕುಗ್ಗುತ್ತದೆ ಎಂಬುದೂ ಗೊತ್ತಾಗಿದೆ. ನಮ್ಮ ಕೆಲವು ಕಡೆ ಹಬ್ಬದೂಟದಲ್ಲಿ "ಒಂದು ಗುಟುಕು ಏನಾಗುತ್ತೆ" ಎಂದು ಬಸುರಿಗೂ ಲೋಟ ಕೊಡುವ ಬಂಧುಗಳು ಇದನ್ನು ಓದಿದರೆ ಒಳ್ಳೆಯದು.

ಇನ್ನೊಂದು ಮಾತು. ಸ್ಕ್ಯಾನಿಂಗ್ ಮಾಡಿದವರು "ಈಗ ಉಸಿರಾಟದ ಚಲನೆ ಕಾಣಲಿಲ್ಲ" ಎಂದರೆ ಎದೆಯೊಡೆದುಕೊಳ್ಳಬೇಡಿ. ಆರೋಗ್ಯವಂತ ಮಗುವೂ ಒಂದು ಗಂಟೆಗೂ ಮೀರಿ ಸುಮ್ಮನಿರಬಹುದು. 1980ರಿಂದ ವೈದ್ಯರು ಬಳಸುತ್ತಿರುವ ಪರೀಕ್ಷೆಯೊಂದರಲ್ಲಿ ಅರ್ಧ ಗಂಟೆ ನೋಡಿ, ಅದರೊಳಗೆ ಒಮ್ಮೆಯಾದರೂ ಅರ್ಧ ನಿಮಿಷದಷ್ಟು ಚಲನೆ ಕಂಡರೆ ಅಂಕ ಕೊಡುತ್ತಾರೆ. ಆದರೆ ಅದೊಂದನ್ನೇ ನೋಡಿ ತೀರ್ಮಾನಿಸುವುದಿಲ್ಲ. ಕೈಕಾಲು ಆಡಿಸುವುದು, ಮೈಯ ಬಿಗಿತ, ಎದೆಬಡಿತ, ಗರ್ಭಜಲದ ಪ್ರಮಾಣ ಎಲ್ಲವನ್ನೂ ಸೇರಿಸಿ ನೋಡುತ್ತಾರೆ.

ಮೊದಲ ಅಳು

ಹೆರಿಗೆಯ ಹೊತ್ತಿಗೆ ಇಷ್ಟು ದಿನ ಕಾಪಾಡಿಕೊಂಡ ದ್ರವ ಬೇಡವಾಗುತ್ತದೆ. ಹೆರಿಗೆಯ ಶ್ರಮದಲ್ಲಿ ಮಗುವಿನ ರಕ್ತದಲ್ಲಿ ಏರುವ ಹಾರ್ಮೋನುಗಳಿಂದಾಗಿ ದ್ರವ ಒಸರುತ್ತಿದ್ದ ಅದೇ ಒಳಪದರ ಅದನ್ನು ಹೀರಿಕೊಳ್ಳತೊಡಗುತ್ತದೆ. ಮಗು ಉಸಿರೆಳೆಯುತ್ತದೆ, ಗಾಳಿ ಒಳಗೆ ಬರುತ್ತದೆ. ಬಂದ ಗಾಳಿ ಪೂರ್ತಿ ಹೊರಗೆ ಹೋಗಿಬಿಟ್ಟರೆ ಶ್ವಾಸಕೋಶ ಮತ್ತೆ ಮುದುಡೀತು. ಆಗ ಗಂಟಲಿನ ಅದೇ ಮುಚ್ಚುವ ಸ್ನಾಯುಗಳು ಉಸಿರು ಬಿಡುವಾಗ ದಾರಿಯನ್ನು ಅರ್ಧ ಮುಚ್ಚಿ ಗಾಳಿಯನ್ನು ತಡೆಯುತ್ತವೆ. ನೀರನ್ನು ಹಿಡಿದು ಕಲಿತದ್ದನ್ನು ಈಗ ಗಾಳಿಗೆ ಬಳಸುತ್ತವೆ. ತಿಂಗಳು ತುಂಬದ ಕೂಸುಗಳು ಉಸಿರಾಟ ಕಷ್ಟವಾದಾಗ ಮುಲುಕುವುದನ್ನು ನೀವು ಕೇಳಿರಬಹುದು. ಆ ಮುಲುಕು ಗಂಟಲು ಗಾಳಿಯನ್ನು ಹಿಡಿದಿಡಲು ಹೋರಾಡುವ ಸದ್ದು. ಅದನ್ನು ಕೇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಮೆಲ್ಬರ್ನಿನ ಸಂಶೋಧಕರು ಆಗ ತಾನೇ ಹುಟ್ಟಿದ ಮೊಲದ ಮರಿಗಳ ಎಕ್ಸ್-ರೇ ಚಿತ್ರ ತೆಗೆದು 2018ರಲ್ಲಿ ಪ್ರಕಟಿಸಿದ ಒಂದು ಸಂಗತಿ ಇಲ್ಲಿಗೆ ಸಲ್ಲುತ್ತದೆ. ದಿನ ತುಂಬದೆ ಹುಟ್ಟಿದ ಮರಿಯ ಗಂಟಲು ಹುಟ್ಟಿದ ತಕ್ಷಣ, ಗರ್ಭದಲ್ಲಿದ್ದ ಹಾಗೆಯೇ, ಹೆಚ್ಚಿನ ಹೊತ್ತು ಮುಚ್ಚಿಕೊಂಡೇ ಇರುತ್ತದೆ. ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತಿದರೂ ಒಳಗೆ ಸರಿಯಾಗಿ ಹೋಗುವುದಿಲ್ಲ. ಮರಿ ತಾನಾಗಿ ಉಸಿರಾಡಲು ತೊಡಗಿದಾಗಲೇ ತೂಬು ತೆರೆಯುತ್ತದೆ. ಅದಕ್ಕೇ ಈಗ ಅವಧಿಗೆ ಮುನ್ನ ಹುಟ್ಟಿದ ಕೂಸಿಗೆ ಗಾಳಿ ತುಂಬುವುದರ ಜೊತೆಗೆ, ಮೈ ಉಜ್ಜಿ, ಅದು ತಾನೇ ಉಸಿರೆಳೆಯುವಂತೆ ಎಚ್ಚರಿಸುವುದಕ್ಕೂ ವೈದ್ಯರು ಗಮನ ಕೊಡುತ್ತಿದ್ದಾರೆ. ನಮ್ಮ ಸೂಲಗಿತ್ತಿಯರು ಕೂಸಿನ ಬೆನ್ನು ತಿಕ್ಕುತ್ತಿದ್ದುದು ನೆನಪಾಯಿತು.

ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದರ ಹಿಂದೆ ಒಂದರಂತೆ ಹೊಂದಿಸಿಕೊಳ್ಳುವ ಶಕ್ತಿ ಸುಮಾರು 34ನೆಯ ವಾರದ ಹೊತ್ತಿಗೆ ಬರುತ್ತದೆ. ಅದಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ಕೊಳವೆಯಲ್ಲಿ ಹಾಲು ಕೊಡುವುದು ಇದೇ ಕಾರಣಕ್ಕೆ. "ನನ್ನ ಹಾಲು ಕುಡಿಯುತ್ತಿಲ್ಲ" ಎಂದು ತಾಯಿ ತನ್ನನ್ನು ತಾನೇ ದೂರಿಕೊಳ್ಳಬೇಕಾಗಿಲ್ಲ.

ಈ ತಿಳುವಳಿಕೆಯಿಂದ ಬದುಕಿದ ಮಕ್ಕಳೂ ಇದ್ದಾರೆ. ಕೆಲವು ಮಕ್ಕಳಿಗೆ ವಪೆಯಲ್ಲಿ ತೂತು ಇದ್ದು, ಕರುಳು ಎದೆಯೊಳಗೆ ನುಗ್ಗಿ ಶ್ವಾಸಕೋಶಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಬೆಲ್ಜಿಯಂ ದೇಶದ ಲುವೇನ್ ಕಥೋಲಿಕ ವಿಶ್ವವಿದ್ಯಾಲಯದ ಯಾನ್ ದೆಪ್ರೆಸ್ತ್ ಎಂಬ ವೈದ್ಯರ ಮುಂದಾಳತನದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಒಂದು ಚಿಕಿತ್ಸೆಯನ್ನು ಪರೀಕ್ಷಿಸಿದವು. 27ರಿಂದ 29ನೆಯ ವಾರದಲ್ಲಿ ತಾಯಿಯ ಹೊಟ್ಟೆಯ ಮೂಲಕ ಸಣ್ಣ ಕೊಳವೆ ಹಾಕಿ, ಮಗುವಿನ ಬಾಯಿಯಿಂದ ಧ್ವನಿತಂತುಗಳನ್ನು ದಾಟಿಸಿ, ಶ್ವಾಸನಾಳದಲ್ಲಿ ಪುಟ್ಟ ಬಲೂನು ಇಡುತ್ತಾರೆ. ದ್ರವ ಒಳಗೇ ನಿಂತು ಶ್ವಾಸಕೋಶ ಬೆಳೆಯುತ್ತದೆ. 34ನೆಯ ವಾರದಲ್ಲಿ ಬಲೂನು ತೆಗೆಯುತ್ತಾರೆ. 2021ರಲ್ಲಿ ಬಂದ ಫಲಿತಾಂಶದಲ್ಲಿ, ರೋಗ ತೀವ್ರವಾಗಿದ್ದ ಮಕ್ಕಳಲ್ಲಿ ಈ ಚಿಕಿತ್ಸೆ ಪಡೆದವರು ಶೇಕಡ 40ರಷ್ಟು ಬದುಕಿ ಮನೆಗೆ ಹೋದರು, ಪಡೆಯದವರಲ್ಲಿ ಶೇಕಡ 15. ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯ ಹೆಚ್ಚು ಎಂಬುದೂ ಕಂಡುಬಂತು, ಮುಚ್ಚಿಡುವಂಥದಲ್ಲ. ಗರ್ಭದಲ್ಲಿರುವ ಮಗುವಿನ ಮೇಲೆ ಮಾಡುವ ಚಿಕಿತ್ಸೆ ಅದರ ಜೀವವನ್ನು ಗೌರವಿಸಿ, ಅತಿಯಾದ ಅಪಾಯಕ್ಕೆ ಒಡ್ಡದೆ, ಅದರ ಗುಣಕ್ಕಾಗಿಯೇ ಇದ್ದರೆ ಧರ್ಮಸಭೆ ಅದನ್ನು ಒಪ್ಪುತ್ತದೆ ಎಂದು 1987ರ 'ದೋನುಮ್ ವೀತೆ' ದಾಖಲೆ ಹೇಳಿದೆ.

ಉಸಿರೇ ಆತ್ಮವೇ?

ಈಗ ಆ ಹಿರಿಯರ ಮಾತಿಗೆ ಬರೋಣ. ಅವರ ಮಾತಿನ ಹಿಂದೆ ಪವಿತ್ರ ಬೈಬಲ್ಲಿನ ನೆರಳೂ ಇದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ದೇವರು ಮಣ್ಣಿನಿಂದ ಮನುಷ್ಯನನ್ನು ರೂಪಿಸಿ ಮೂಗಿನಲ್ಲಿ ಜೀವಶ್ವಾಸ ಊದಿದ ಮೇಲೆಯೇ ಅವನು ಜೀವಂತನಾದ. ಹಾಗಾದರೆ ಶ್ವಾಸ ಬರುವ ಮುಂಚೆ ಬರೀ ಮಣ್ಣೇ ಅಲ್ಲವೇ? ಆದರೆ ಆ ಅಧ್ಯಾಯ ಹೆರಿಗೆಯ ವರ್ಣನೆಯಲ್ಲ. ಆದಾಮನಿಗೆ ತಾಯಿಯ ಗರ್ಭವಿರಲಿಲ್ಲ. ಮನುಷ್ಯನ ಜೀವ ಮಣ್ಣಿನ ಗುಣದಿಂದ ಬಂದದ್ದಲ್ಲ, ದೇವರು ಕೊಟ್ಟದ್ದು ಎಂಬುದನ್ನು ಅದು ಕಲಿಸುತ್ತದೆ. ಗರ್ಭದಲ್ಲಿರುವ ಮಗುವಿನ ಬಗ್ಗೆ ತಿಳಿಯಬೇಕಾದರೆ 139ನೆಯ ಕೀರ್ತನೆಯನ್ನೂ, ಯೆರೆಮೀಯನ ಕರೆಯನ್ನೂ ಓದಿ.

ಆದರೆ ಇದಕ್ಕೆ ಎದುರಾಗಿ, "ನೋಡಿ, ಹತ್ತು ವಾರಕ್ಕೇ ಉಸಿರಾಟ ಇದೆ, ಆದ್ದರಿಂದ ಆತ್ಮ ಇದೆ" ಎಂದು ವಾದ ಹೂಡುವುದೂ ನನಗೆ ಒಪ್ಪಿಗೆಯಿಲ್ಲ. ನಮ್ಮ ಯುವಕರ ಕೂಟದಲ್ಲಿ ಒಬ್ಬ ಹುಡುಗ ಹಾಗೆಯೇ ಹೇಳಿದ. ನಾನು ಕೇಳಿದೆ: "ಹಾಗಾದರೆ ಒಂಬತ್ತನೆಯ ವಾರದಲ್ಲಿ?" ಆತ್ಮವನ್ನು ಸ್ಕ್ಯಾನಿಂಗ್ ಯಂತ್ರ ತೋರಿಸುವುದಿಲ್ಲ. ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನ ಜೀವಶಾಸ್ತ್ರವನ್ನು ನಂಬಿ, ಗರ್ಭದಲ್ಲಿ ಮೊದಲು ಸಸ್ಯದಂಥ, ಆಮೇಲೆ ಪ್ರಾಣಿಯಂಥ, ಕೊನೆಗೆ ವಿವೇಕವುಳ್ಳ ಆತ್ಮ ಬರುತ್ತದೆ ಎಂದರು. ಗಂಡಿಗೆ ನಲವತ್ತು ದಿನ, ಹೆಣ್ಣಿಗೆ ತೊಂಬತ್ತು ದಿನ ಎನ್ನುವ ಲೆಕ್ಕ ಅರಿಸ್ಟಾಟಲನದು. ಆ ಲೆಕ್ಕ ಇಂದು ಯಾರಿಗೂ ಬೇಡ. ಆದರೆ ಅಕ್ವಿನಾಸರ ಮೂಲ ಮಾತು ಉಳಿದಿದೆ: ಆತ್ಮ ದೇಹದೊಳಗೆ ಬಾಡಿಗೆಗೆ ಬಂದು ಕೂರುವ ಗಾಳಿಯಲ್ಲ, ಈ ದೇಹವನ್ನು ಈ ಮನುಷ್ಯನ ದೇಹವನ್ನಾಗಿ ಮಾಡುವ ರೂಪ ಅದು. ಹಾಗಾಗಿ ಜೀವವನ್ನು ಗರ್ಭಧಾರಣೆಯ ಕ್ಷಣದಿಂದಲೇ ಗೌರವಿಸಬೇಕು ಎಂದು ಧರ್ಮಸಭೆ ಹೇಳುವಾಗ, 1995ರಲ್ಲಿ ಸಂತ ಎರಡನೆಯ ಜಾನ್ ಪಾಲರ ವಿಶ್ವಪತ್ರವೂ ಅದನ್ನೇ ಹೇಳಿತು, ಅದು ಮಗು ಏನೇನು ಮಾಡಬಲ್ಲದು ಎಂಬ ಪಟ್ಟಿಯನ್ನು ಕೇಳುವುದಿಲ್ಲ.

ಹಾಗಾದರೆ ಈ ವಪೆ, ಗಂಟಲಿನ ಕತೆಯೆಲ್ಲ ಯಾಕೆ? "ಅದು ಏನೂ ಆಗಿರಲಿಲ್ಲ" ಎಂಬ ಮಾತು ಸುಳ್ಳು ಎಂದು ಗೊತ್ತಾಗಲಿ ಎಂದು. ಆ ತಾಯಿಯ ಮಗು ಎಷ್ಟೋ ವಾರಗಳಿಂದ ನೀರು ನುಂಗಿತ್ತು, ನಿದ್ದೆ ಮಾಡಿತ್ತು, ಉಸಿರಾಟದ ಚಲನೆ ಮಾಡಿ ತನ್ನ ಶ್ವಾಸಕೋಶವನ್ನು ತಾನೇ ಕಟ್ಟಿಕೊಂಡಿತ್ತು. ಎಲಿಜಬೇತಮ್ಮನ ಆರನೆಯ ತಿಂಗಳ ಗರ್ಭದಲ್ಲಿ ಯೊವಾನ್ನನೂ ಹೀಗೆಯೇ ಇದ್ದ. ಮಾತೆ ಮರಿಯಮ್ಮನ ಗರ್ಭದಲ್ಲಿ ನಮ್ಮ ಪ್ರಭು ಯೇಸುವೂ ಹೀಗೆಯೇ ಇದ್ದರು. ಕ್ರಿ.ಶ. 451ರಲ್ಲಿ ಕಾಲ್ಸೆದೋನ್ ಮಹಾಸಭೆ ಅವರನ್ನು ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು ಸಾರಿತು. ಪೂರ್ಣ ಮನುಷ್ಯ ಎಂದ ಮೇಲೆ ಗರ್ಭದೊಳಗಿನ ಬಿಕ್ಕಳಿಕೆಯೂ ಅದರಲ್ಲಿ ಸೇರಿತು.

ಇನ್ನು ನಾನು ಆ ತಂದೆಗೆ ಕೊಟ್ಟ ತಪ್ಪು ಉತ್ತರ. 1983ರ ಕಾನೂನು ಸಂಹಿತೆಯ 1183ನೆಯ ಕಾನೂನಿನ ಪ್ರಕಾರ, ತಂದೆತಾಯಿ ಜ್ಞಾನಸ್ನಾನ ಕೊಡಿಸಬೇಕೆಂದಿದ್ದು, ಅದಕ್ಕೆ ಮೊದಲೇ ತೀರಿಕೊಂಡ ಮಗುವಿಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಧರ್ಮಸಭೆಯ ಅಂತ್ಯವಿಧಿ ನಡೆಸಬಹುದು. ಅಂಥ ಮಗುವಿಗಾಗಿ ಪೂಜಾಪುಸ್ತಕದಲ್ಲಿ ಬೇರೆ ಪ್ರಾರ್ಥನೆಗಳೇ ಇವೆ. ಸತ್ತ ಮೇಲೆ ಜ್ಞಾನಸ್ನಾನ ಕೊಡುವಂತಿಲ್ಲ, ನಿಜ. ಆದರೆ ಜೀವ ಇದ್ದರೆ, ಎಷ್ಟೇ ಚಿಕ್ಕದಾಗಿರಲಿ, ಕೊಡಬೇಕು. ತುರ್ತಿನಲ್ಲಿ ನರ್ಸ್ ಆಗಲಿ, ಅಜ್ಜಿಯಾಗಲಿ, ಧರ್ಮಸಭೆಯ ಉದ್ದೇಶವನ್ನೇ ಇಟ್ಟುಕೊಂಡು, ನೀರು ಸುರಿದು ತ್ರಿಯೇಕ ದೇವರ ಹೆಸರಿನಲ್ಲಿ ಕೊಡಬಹುದು. ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ 1963ರ ಆಗಸ್ಟ್ 7ರಂದು ಐದಾರು ವಾರ ಮುಂಚಿತವಾಗಿ ಹುಟ್ಟಿ, ಶ್ವಾಸಕೋಶ ಬಲಿಯದೆ 9ರಂದು ತೀರಿಕೊಂಡ. ಹುಟ್ಟಿದ ಕೆಲ ಹೊತ್ತಿನಲ್ಲೇ ಅವನಿಗೆ ಜ್ಞಾನಸ್ನಾನ ಆಗಿತ್ತು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಮಕ್ಕಳ ವಿಷಯದಲ್ಲಿ, ಅವರು ದೇವರ ಕರುಣೆಯಲ್ಲಿ ರಕ್ಷಣೆ ಹೊಂದುತ್ತಾರೆಂದು ನಿರೀಕ್ಷಿಸಲು ಗಟ್ಟಿಯಾದ ಕಾರಣಗಳಿವೆ ಎಂದು 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಬರೆಯಿತು. 'ಲಿಂಬೋ' ಎಂಬ ಮಾತು ಹೇಳಿ ತಾಯಂದಿರನ್ನು ಹೆದರಿಸುವವರು ಇನ್ನೂ ಇದ್ದರೆ ದಯವಿಟ್ಟು ನಿಲ್ಲಿಸಿ.

ಆ ತಾಯಿ ಕೇಳಿದ ಬಲಿಪೂಜೆಯನ್ನು ಜನವರಿಯಲ್ಲಿ ಅರ್ಪಿಸಿದೆವು. ಆಮೇಲೆ ಅವರ ಹೊಲಕ್ಕೆ ಹೋಗಿ, ಬದುವಿನ ಆ ಜಾಗವನ್ನು ಆಶೀರ್ವದಿಸಿದೆ. ಅತ್ತೆಯೂ ಬಂದಿದ್ದರು. ಏನೂ ಮಾತಾಡಲಿಲ್ಲ, ತಾವೇ ತಂದಿದ್ದ ಸೇವಂತಿಗೆ ಹೂವನ್ನು ಇಟ್ಟರು. ಹಿಂತಿರುಗಿ ಬಂದು ಗುರುಮನೆಯಲ್ಲಿ ಮೃತರ ಸ್ಮರಣೆಯ ಪುಸ್ತಕ ತೆಗೆದು ಅವಳ ಕೈಗೇ ಪೆನ್ನು ಕೊಟ್ಟೆ. ಹೆಸರು ಬರೆದಳು, ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು. 'ವಯಸ್ಸು' ಎಂಬ ಕಡೆ ಬಂದಾಗ ನಿಲ್ಲಿಸಿ ನನ್ನ ಮುಖ ನೋಡಿದಳು. "ಗೊತ್ತಿರುವುದನ್ನೇ ಬರೆಯಮ್ಮ" ಎಂದೆ. 'ಗರ್ಭದಲ್ಲಿ 33 ವಾರ' ಎಂದು ಬರೆದಳು.